ಕೈಗೆ ಅಪ್ಪಣೆ ಕೊಡುವವರು ಯಾರು?

ಇಂದು ನಿಮಗೆ ಒಂದು ಇತಿಹಾಸ ಹೇಳಬೇಕೆಂದು ಬಂದಿದ್ದೇನೆ. ಇದು ಜತ್ತ ಸಂಸ್ಥಾನದ ಡಫಳೆ ಮನೆತನದ ಇತಿಹಾಸವಲ್ಲ, ಬಿಜಾಪುರದ ಬಾದಶಾಹಿಯದೂ ಅಲ್ಲ. ನಮ್ಮ ನಿಮ್ಮ ಕೈಯ ಇತಿಹಾಸ. ರೊಟ್ಟಿ ಬಡಿಯುವ, ಕುಡುಗೋಲು ಹಿಡಿಯುವ, ಸಹಿ ಮಾಡುವ ಈ ಕೈಗೆ ಅಪ್ಪಣೆ ಎಲ್ಲಿಂದ ಬರುತ್ತದೆ ಎಂಬುದನ್ನು ಮನುಷ್ಯ ಹೇಗೆ ಕಂಡುಕೊಂಡ ಎಂಬ ಇತಿಹಾಸ. ನಾನು ಡಾಕ್ಟರನಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ, ಅಲ್ಲಿಯೇ ನಿವೃತ್ತನಾದವನು. ಹೀಗಿದ್ದೂ ಈ ವಿಷಯ ನನ್ನನ್ನು ಏಕೆ ಹಿಡಿಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

1991ರ ಮಾತು. ನಮ್ಮ ತಾಲೂಕಿನ ಪೂರ್ವಭಾಗದ ಒಂದು ಹಳ್ಳಿಯಿಂದ ವಯಸ್ಸಾದ ರೈತರೊಬ್ಬರು ಹಣ ತೆಗೆಯಲು ನಮ್ಮ ಶಾಖೆಗೆ ಬಂದರು. ಚೀಟಿಯ ಮೇಲಿನ ಸಹಿ ಇರುವೆ ಹರಿದಾಡಿದಂತೆ ಇತ್ತು. ನಾನು ನಮೂನೆಯ ಸಹಿ ತೆಗೆದು ನೋಡಿದೆ, ತಾಳೆಯಾಗಲಿಲ್ಲ. ಚೀಟಿ ತಿರುಗಿ ಕೊಟ್ಟೆ. ಅವರು ಎಡಗೈಯಿಂದ ಬಲಗೈಯನ್ನು ಎತ್ತಿ ಕೌಂಟರಿನ ಮೇಲೆ ಇಟ್ಟು, "ಸಾಹೇಬ್ರ, ಸಹಿ ನಂದ ಐತ್ರಿ. ಕೈ ಅಷ್ಟ ನನ್ನ ಮಾತು ಕೇಳವಲ್ದು" ಎಂದರು. ಲಕ್ವಾ ಹೊಡೆದು ಎರಡು ತಿಂಗಳಾಗಿತ್ತಂತೆ. ಸಹಿ ಮಾಡಲಾಗದವರಿಂದ ಇಬ್ಬರು ಸಾಕ್ಷಿದಾರರ ಎದುರು ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಕೊಡಬಹುದೆಂಬ ನಿಯಮ ನನಗೆ ಅಂದು ಹೊಳೆಯಲಿಲ್ಲ. ಅವರು ಬರಿಗೈಲಿ ಬಸ್ಸು ಹತ್ತಿದರು. ಮರುವಾರ ಕೆಲಸ ಆಯಿತು, ನಿಜ. ಆದರೆ ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಹೆಸರು ಗೊತ್ತಿದೆ, ಅಕ್ಷರ ಗೊತ್ತಿದೆ, ಕೈಯಲ್ಲಿ ಗಾಯವಿಲ್ಲ, ಎಲುಬು ಮುರಿದಿಲ್ಲ. ಹಾಗಾದರೆ ಮಾತು ಕೇಳದೇ ಹೋದದ್ದು ಏಕೆ?

ನಾವು ಕನ್ನಡದಲ್ಲಿ ಪಾರ್ಶ್ವವಾಯು ಅನ್ನುತ್ತೇವೆ, ಮರಾಠಿಯಲ್ಲಿ ಅರ್ಧಾಂಗವಾಯು ಅನ್ನುತ್ತೇವೆ. ಎರಡು ಭಾಷೆಯೂ ವಾಯುವಿನ ಮೇಲೆಯೇ ತಪ್ಪು ಹೊರಿಸಿವೆ. ಗಾಳಿ ಬಡಿಯಿತು ಎನ್ನುವುದು ನಮ್ಮಲ್ಲಿ ರೂಢಿ. ಯುರೋಪಿನ ಪಂಡಿತರೂ ಬಹುಕಾಲ ಇದಕ್ಕಿಂತ ಹೆಚ್ಚು ಬಲ್ಲವರಾಗಿರಲಿಲ್ಲ. ಮಿದುಳಿನ ಮೇಲ್ಪದರ ವಿಚಾರಕ್ಕೆ ಮಾತ್ರ ಇದೆ, ಕೈಕಾಲು ಆಡಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಬಹುಮಂದಿ ನಂಬಿದ್ದರು.

ಲಂಡನ್ನಿನ ವೈದ್ಯ ಹ್ಯೂಲಿಂಗ್ಸ್ ಜಾಕ್ಸನ್ ಫಿಟ್ಸ್ ಬರುವ ರೋಗಿಗಳನ್ನು ಸುಮ್ಮನೆ ಕುಳಿತು ನೋಡುತ್ತಿದ್ದರು. ಕೆಲವರಿಗೆ ಸೆಳೆತ ಹೆಬ್ಬೆರಳಿನಿಂದ ಶುರುವಾಗಿ ಅಂಗೈಗೆ, ಅಲ್ಲಿಂದ ತೋಳಿಗೆ, ಆಮೇಲೆ ಮುಖಕ್ಕೆ ಕ್ರಮವಾಗಿ ಏರುತ್ತಿತ್ತು. ಹೀಗೆ ಸಾಲು ತಪ್ಪದೆ ಏರಬೇಕಾದರೆ ಮಿದುಳಿನಲ್ಲಿಯೂ ಕೈ, ತೋಳು, ಮುಖ ಸಾಲಾಗಿ ಇರಬೇಕು ಎಂದು ಅವರು ತರ್ಕ ಮಾಡಿದರು.

ಅದಕ್ಕೆ ಪುರಾವೆ ಸಿಕ್ಕಿದ್ದು 1870ರಲ್ಲಿ. ಬರ್ಲಿನ್ನಿನ ಗುಸ್ಟಾವ್ ಫ್ರಿಟ್ಷ್ ಮತ್ತು ಎಡ್ವರ್ಡ್ ಹಿಟ್ಸಿಗ್ ಎಂಬ ಇಬ್ಬರು ಸರಿಯಾದ ಪ್ರಯೋಗಶಾಲೆ ಇಲ್ಲದೆ ಹಿಟ್ಸಿಗ್ ಅವರ ಮನೆಯಲ್ಲಿಯೇ ನಾಯಿಯ ಮಿದುಳಿಗೆ ಸಣ್ಣ ವಿದ್ಯುತ್ತು ಮುಟ್ಟಿಸಿದರು. ಒಂದು ಜಾಗ ಮುಟ್ಟಿದರೆ ಮುಂಗಾಲು ಆಡಿತು, ಇನ್ನೊಂದು ಮುಟ್ಟಿದರೆ ಹಿಂಗಾಲು. ಎಡಮಿದುಳು ಮುಟ್ಟಿದರೆ ಬಲಗಾಲು ಆಡಿತು. ಮೂರು ವರ್ಷದ ನಂತರ ಇಂಗ್ಲೆಂಡಿನ ಡೇವಿಡ್ ಫೆರಿಯರ್ ಈ ಕೆಲಸವನ್ನು ಮುಂದುವರಿಸಿ ಮಂಗನ ಮಿದುಳಿನ ನಕಾಶೆಯನ್ನೇ ಬರೆದರು.

ಫೆರಿಯರರ ಒಂದು ಪ್ರಸಂಗ ಕೇಳಬೇಕು. 1881ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ವೈದ್ಯರ ದೊಡ್ಡ ಸಮ್ಮೇಳನ ನಡೆಯಿತು. ಮಿದುಳಿನಲ್ಲಿ ಅಂಥ ಬೇರೆಬೇರೆ ಜಾಗಗಳಿಲ್ಲ ಎಂದು ಜರ್ಮನಿಯ ಗೋಲ್ಟ್ಸ್ ವಾದಿಸಿದರು. ಆಗ ಫೆರಿಯರ್ ಒಂದು ಮಂಗವನ್ನು ಸಭೆಗೆ ತರಿಸಿದರು. ಅದರ ಎಡಮಿದುಳಿನ ಚಲನೆಯ ಭಾಗವನ್ನು ತಿಂಗಳುಗಳ ಹಿಂದೆಯೇ ತೆಗೆಯಲಾಗಿತ್ತು. ಅದು ಬಲಗಾಲು ಎಳೆಯುತ್ತ, ಬಲಗೈ ಮಡಚಿಕೊಂಡು ಬಂತು. ಪ್ಯಾರಿಸಿನ ಪ್ರಸಿದ್ಧ ವೈದ್ಯ ಶಾರ್ಕೊ ಅದನ್ನು ನೋಡಿ, ಇದು ಮಂಗವಲ್ಲ, ರೋಗಿಯೇ ಸರಿ ಎಂಬರ್ಥದಲ್ಲಿ ಉದ್ಗರಿಸಿದರಂತೆ. ನಮ್ಮ ಕೌಂಟರಿನ ಮುಂದೆ ಬಂದ ರೈತರೂ ಹೀಗೆಯೇ ನಡೆದು ಬಂದಿದ್ದರು. ಅದೇ ವರ್ಷ ನವೆಂಬರಿನಲ್ಲಿ ಪ್ರಾಣಿಹಿಂಸೆಯ ಕಾಯಿದೆಯಡಿ ಫೆರಿಯರರ ಮೇಲೆ ಖಟ್ಲೆ ನಡೆಯಿತು. ಶಸ್ತ್ರಕ್ರಿಯೆ ಮಾಡಿದವರು ಪರವಾನಗಿ ಇದ್ದ ಅವರ ಸಹೋದ್ಯೋಗಿ ಎಂದು ತೋರಿಬಂದದ್ದರಿಂದ ಅವರು ಬಿಡುಗಡೆಯಾದರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶೆರಿಂಗ್ಟನ್ ಮತ್ತು ಅವರ ಜೊತೆಗಾರ ಗ್ರುನ್‌ಬಾಮ್ ಚಿಂಪಾಂಜಿ, ಗೊರಿಲ್ಲಾಗಳಲ್ಲಿ ಈ ಜಾಗದ ಗಡಿಯನ್ನು ಇನ್ನೂ ಖಚಿತ ಮಾಡಿದರು. 1937ರಲ್ಲಿ ಕೆನಡಾದ ಪೆನ್‌ಫೀಲ್ಡ್ ಮತ್ತು ಬೋಲ್ಡ್ರಿ ಮನುಷ್ಯರ ನಕಾಶೆ ಪ್ರಕಟಿಸಿದರು. ಮಿದುಳಿಗೆ ತನ್ನದೇ ನೋವು ತಿಳಿಯುವುದಿಲ್ಲ. ಆದ್ದರಿಂದ ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ಎಚ್ಚರವಿದ್ದ ರೋಗಿಗಳಲ್ಲಿಯೇ ಇದನ್ನು ಪರೀಕ್ಷಿಸಲು ಸಾಧ್ಯವಾಯಿತು.

ಈಗ ನೀವೇ ಒಂದು ಕೆಲಸ ಮಾಡಿ. ಒಂದು ಕಿವಿಯಿಂದ ನೆತ್ತಿಯ ಮೇಲೆ ಹಾಯ್ದು ಇನ್ನೊಂದು ಕಿವಿಯವರೆಗೆ ಬೆರಳು ಎಳೆಯಿರಿ. ಸರಿಸುಮಾರು ಅದರ ಕೆಳಗೇ ಮಿದುಳಿನ ಮೇಲ್ಪದರದಲ್ಲಿ ಒಂದು ಪಟ್ಟಿ ಇದೆ. ಅದೇ ಮೋಟಾರ್ ಕಾರ್ಟೆಕ್ಸ್, ಅಂದರೆ ಚಲನೆಯ ಪಟ್ಟಿ. ಅದರಲ್ಲಿ ಮನುಷ್ಯ ತಲೆಕೆಳಗಾಗಿ ಮಲಗಿದ್ದಾನೆ. ಕಾಲು ನೆತ್ತಿಯ ಹತ್ತಿರ, ಕೈ ನಡುವೆ, ಮುಖ ಮತ್ತು ನಾಲಗೆ ಕೆಳಗೆ. ಹಂಚಿಕೆಯೂ ನಾವು ತಿಳಿದಂತೆ ಇಲ್ಲ. ಅಗಲವಾದ ಬೆನ್ನಿಗೆ ಸಿಕ್ಕಿದ್ದು ಒಂದೆರಡು ಗುಂಟೆಯಾದರೆ, ಕೈಬೆರಳಿಗೂ ತುಟಿನಾಲಗೆಗೂ ಎಕರೆಗಟ್ಟಲೆ. ಎಲ್ಲಿ ನಾಜೂಕು ಕೆಲಸವೋ ಅಲ್ಲಿ ಹೆಚ್ಚು ಜಮೀನು.

ಇಲ್ಲಿಂದ ಹೊರಟ ತಂತುಗಳಲ್ಲಿ ಬಹುಪಾಲು ಮಿದುಳಿನ ಬುಡದಲ್ಲಿ ದಾರಿ ಬದಲಿಸಿ, ಎಡದವು ಬಲಕ್ಕೂ ಬಲದವು ಎಡಕ್ಕೂ ದಾಟಿ ಬೆನ್ನುಹುರಿಗೆ ಇಳಿಯುತ್ತವೆ. ಎಡಮಿದುಳಿಗೆ ಪೆಟ್ಟಾದರೆ ಬಲಗೈ ಬೀಳುವುದು ಇದಕ್ಕೇ. ಬೆನ್ನುಹುರಿಯ ಜೀವಕೋಶಗಳು ಅಪ್ಪಣೆಯನ್ನು ನರದ ಮೂಲಕ ಸ್ನಾಯುವಿಗೆ ಮುಟ್ಟಿಸುತ್ತವೆ. ಸಾಮಾನ್ಯವಾಗಿ ನಡುವೆ ಮಧ್ಯವರ್ತಿ ಕೋಶಗಳಿರುತ್ತವೆ, ಹೆಡ್ ಆಫೀಸಿನ ಆದೇಶ ವಿಭಾಗೀಯ ಕಚೇರಿಯ ಮೂಲಕ ಶಾಖೆಗೆ ಬಂದಂತೆ. ಬೆಕ್ಕಿನಲ್ಲಿ ಇಷ್ಟೇ ವ್ಯವಸ್ಥೆ. ಆದರೆ ನಮ್ಮಲ್ಲಿ ಓಡಾಡುವ ಮಂಗಗಳ ಜಾತಿಯಲ್ಲಿ, ವಾನರಗಳಲ್ಲಿ ಮತ್ತು ಮನುಷ್ಯನಲ್ಲಿ ಕೆಲವು ತಂತುಗಳು ಮಧ್ಯವರ್ತಿಯನ್ನು ಬಿಟ್ಟು ಬೆರಳಿನ ಸ್ನಾಯು ಆಡಿಸುವ ಕೋಶಕ್ಕೆ ನೇರವಾಗಿ ಮುಟ್ಟುತ್ತವೆ.

ಈ ದಾರಿಯ ಬೆಲೆ 1968ರಲ್ಲಿ ಲಾರೆನ್ಸ್ ಮತ್ತು ಕೈಪರ್ಸ್ ಮಾಡಿದ ಪ್ರಯೋಗದಿಂದ ತಿಳಿಯಿತು. ಮಿದುಳಿನ ಬುಡದಲ್ಲಿ ಈ ತಂತುಗಳ ಕಟ್ಟನ್ನು ಕತ್ತರಿಸಿದರೂ ಮಂಗಗಳು ಚೇತರಿಸಿಕೊಂಡು ನಡೆದವು, ಹತ್ತಿದವು, ಸರಳು ಹಿಡಿದವು. ಆದರೆ ಸಣ್ಣ ಕುಣಿಯೊಳಗಿನ ತಿನಿಸನ್ನು ಒಂದೊಂದೇ ಬೆರಳಿನಿಂದ ತೆಗೆಯುವುದು ಮತ್ತೆ ಬರಲಿಲ್ಲ. ಇಷ್ಟು ವರ್ಷ ನೋಟು ಎಣಿಸಿದ ನನ್ನ ಹೆಬ್ಬೆರಳು ತೋರುಬೆರಳು ಯಾವ ದಾರಿಯ ಋಣದಲ್ಲಿವೆ ಎಂಬುದು ಇದನ್ನು ಓದಿದ ಮೇಲೆ ನನಗೆ ತಿಳಿಯಿತು.

ಹಾಗಾದರೆ ಒಂದು ಬೆರಳಿಗೆ ಒಂದು ಗುಂಡಿ ಎಂದು ಈ ಪಟ್ಟಿ ಇದೆಯೇ? ಇಲ್ಲ. 1960ರ ದಶಕದಲ್ಲಿ ಅಮೆರಿಕದ ಎವಾರ್ಟ್ಸ್ ಎಚ್ಚರವಿದ್ದ ಮಂಗಗಳ ಒಂದೊಂದೇ ಕೋಶದ ಸದ್ದು ಕೇಳಿಸಿಕೊಂಡರು. ಕೈ ಆಡುವ ಮೊದಲೇ ಕೋಶ ಮಿಡಿಯುತ್ತದೆ, ಎಷ್ಟು ಬಲ ಬೇಕೆಂಬುದಕ್ಕೂ ಅದರ ಮಿಡಿತಕ್ಕೂ ಸಂಬಂಧವಿದೆ ಎಂದು ಕಂಡಿತು. 1980ರ ದಶಕದಲ್ಲಿ ಜಾರ್ಗೊಪೌಲೋಸ್ ಮತ್ತು ಸಂಗಡಿಗರು ಇನ್ನೊಂದು ಮಾತು ತೋರಿಸಿದರು. ಒಂದೊಂದು ಕೋಶಕ್ಕೂ ತನಗೆ ಮೆಚ್ಚಿನ ದಿಕ್ಕು ಇದೆ. ಕೈ ಯಾವ ಕಡೆ ಹೋಗಬೇಕೆಂಬುದು ಅವೆಲ್ಲವುಗಳ ಒಟ್ಟು ಮತದಿಂದ ಗೊತ್ತಾಗುತ್ತದೆ. ಗ್ರಾಮಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನ ಮಾಡಿದಂತೆ.

ಇನ್ನು ನನ್ನ ಮನಸ್ಸಿಗೆ ಅತಿ ಹತ್ತಿರದ ಭಾಗ. ಎಡ್ವರ್ಡ್ ಟೌಬ್ ಎಂಬವರು ಮಂಗದ ಒಂದು ತೋಳಿನ ಸ್ಪರ್ಶ ತಿಳಿಸುವ ನರಗಳನ್ನು ಕತ್ತರಿಸಿದರು. ಆಡಿಸುವ ನರಗಳು ಹಾಗೇ ಇದ್ದವು. ಆದರೂ ಮಂಗ ಆ ತೋಳನ್ನು ಬಳಸಲಿಲ್ಲ. ಒಳ್ಳೆಯ ತೋಳನ್ನು ಕಟ್ಟಿದಾಗ ಮಾತ್ರ ಬಿದ್ದ ತೋಳು ಎದ್ದಿತು. ಮೊದಮೊದಲು ಪ್ರಯತ್ನ ಸೋತದ್ದರಿಂದ ಅದು ಬಳಸದಿರುವುದನ್ನು ಕಲಿತುಬಿಟ್ಟಿತ್ತು ಎಂದು ಅವರು ವಿವರಿಸಿದರು. 1981ರಲ್ಲಿ ಅವರ ಪ್ರಯೋಗಶಾಲೆಯಿಂದ ಪೊಲೀಸರು 17 ಮಂಗಗಳನ್ನು ವಶಪಡಿಸಿಕೊಂಡರು. ಅವುಗಳನ್ನು ಇಟ್ಟ ರೀತಿಯ ಬಗ್ಗೆ ದೇಶವೆಲ್ಲ ಗದ್ದಲವಾಯಿತು. ಕೆಳಗಿನ ಕೋರ್ಟಿನಲ್ಲಿ ಆದ ಶಿಕ್ಷೆ ಆಮೇಲೆ ರದ್ದಾಯಿತು. 1996ರಲ್ಲಿ ನ್ಯೂಡೋ ಎಂಬವರ ತಂಡ ಇನ್ನೊಂದು ಬಗೆಯ ಮಂಗಗಳಲ್ಲಿ ಮಿದುಳಿನ ಕೈಭಾಗಕ್ಕೆ ಸಣ್ಣ ಪೆಟ್ಟಾದ ಮೇಲೆ ಆ ಕೈಯಿಂದ ಪಳಗಿಸಿ ಕೆಲಸ ಮಾಡಿಸಿದರೆ ಉಳಿದ ಜಾಗ ಉಳಿಯುತ್ತದೆ, ಕೆಲವೊಮ್ಮೆ ಪಕ್ಕದ ಜಾಗವೂ ಕೈಗೆ ಸೇರುತ್ತದೆ ಎಂದು ತೋರಿಸಿತು. ಹಿಂದೆ ಹೀಗೆ ಪಳಗಿಸದೆ ಬಿಟ್ಟ ಮಂಗಗಳಲ್ಲಿ ಉಳಿದ ಜಾಗವೂ ಕುಗ್ಗಿತ್ತು. ಬಿತ್ತದೆ ಬಿಟ್ಟ ಹೊಲದ ಬದುವನ್ನು ನೆರೆಯವರು ಒತ್ತಿದಂತೆ.

2006ರಲ್ಲಿ ಅಮೆರಿಕದಲ್ಲಿ 222 ಲಕ್ವಾ ರೋಗಿಗಳ ಮೇಲೆ ನಡೆದ ಅಧ್ಯಯನದ ಫಲ ಹೊರಬಂತು. ಒಳ್ಳೆಯ ಕೈಗೆ ಚೀಲ ತೊಡಿಸಿ, ಬಿದ್ದ ಕೈಯಿಂದಲೇ ಎರಡು ವಾರ ಕೆಲಸ ಮಾಡಿಸಿದವರ ಕೈ ಇತರರದಕ್ಕಿಂತ ಹೆಚ್ಚು ಚೇತರಿಸಿತು. ಆದರೆ ಬೆರಳು, ಮಣಿಕಟ್ಟು ಸ್ವಲ್ಪವಾದರೂ ಆಡುವವರಿಗೆ ಮಾತ್ರ ಈ ಉಪಾಯ. ಬಲ್ಲವರ ಮೇಲ್ವಿಚಾರಣೆಯಲ್ಲಿಯೇ ಆಗಬೇಕು.

ನಮ್ಮ ಊರೂರಿನ ಬಾಗಿಲಿಗೂ ಮಾರುತಿಯ ಗುಡಿ ಇದೆ. ಮಂಗಕ್ಕೆ ಕೈ ಮುಗಿಯುವ ನಾವು ಈ ಇತಿಹಾಸವನ್ನು ಸಂತೋಷದಿಂದ ಮಾತ್ರ ಕೇಳಲಾರೆವು. ನನಗೂ ಓದುವಾಗ ಸಂಕಟವಾಯಿತು. ಆ ಮೂಕ ಜೀವಗಳು ಕೊಟ್ಟದ್ದನ್ನು ತಿರುಗಿ ಕೊಡುವ ದಾರಿ ನಮಗಿಲ್ಲ. ಅವುಗಳಿಂದ ತಿಳಿದದ್ದನ್ನು ವ್ಯರ್ಥ ಮಾಡದಿರುವುದೊಂದೇ ನಮ್ಮ ಕೈಯಲ್ಲಿದೆ.

ಮಗಳ ಮನೆಗೆ ಬೆಂಗಳೂರಿಗೆ ಹೋದಾಗ ನಿಮ್ಹಾನ್ಸ್ ಸಂಸ್ಥೆಯ ಮಿದುಳಿನ ಸಂಗ್ರಹಾಲಯ ನೋಡಿದೆ. 1974ರಲ್ಲಿ ಈಗಿನ ರೂಪ ಪಡೆದ ಆ ಸಂಸ್ಥೆಯಲ್ಲಿ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಲು ಕೊಡುತ್ತಾರೆ. ಭಾರ ಒಂದೂಕಾಲು, ಒಂದೂವರೆ ಕಿಲೋದ ಒಳಗೆ. ಅದನ್ನು ಹಿಡಿದಾಗ ನನಗೆ ನೆನಪಾದದ್ದು ಆ ರೈತರು. ಮನೆಯವರು ಅವರನ್ನು ಪ್ರೀತಿಯಿಂದ ನೋಡಿಕೊಂಡಿದ್ದರು. ತುತ್ತು ಮಾಡಿ ಉಣ್ಣಿಸಿದರು, ಅಂಗಿ ತೊಡಿಸಿದರು, ಕೂತಲ್ಲಿಯೇ ಎಲ್ಲ ಒದಗಿಸಿದರು. ಆ ಕೈಗೆ ಮಾತ್ರ ಯಾರೂ ಕೆಲಸ ಹೇಳಲಿಲ್ಲ. ಸಾಯುವವರೆಗೂ ಅದು ಮಡಿಲಲ್ಲಿಯೇ ಉಳಿಯಿತು.

ಆದ್ದರಿಂದ ಎರಡು ಮಾತು. ಬಾಯಿ ಒಂದು ಕಡೆ ವಾಲಿದರೆ, ಎರಡೂ ಕೈ ಎತ್ತಿಸಿದಾಗ ಒಂದು ಜಾರಿದರೆ, ಮಾತು ತೊದಲಿದರೆ ಗಾಳಿ ಎನ್ನಬೇಡಿ, ಎಣ್ಣೆ ತಿಕ್ಕುತ್ತ ಕೂಡ್ರಬೇಡಿ. ಅದು ಮಿದುಳಿನ ರಕ್ತನಾಳ ಕಟ್ಟಿದ್ದು ಅಥವಾ ಒಡೆದದ್ದು. ಕಟ್ಟಿದ್ದಾದರೆ ಹೆಪ್ಪು ಕರಗಿಸುವ ಸೂಜಿಯನ್ನು ನಾಲ್ಕೂವರೆ ತಾಸಿನೊಳಗೆ ಕೊಡಬೇಕು, ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ನಮ್ಮಿಂದ ಮೀರಜ್, ಸೊಲ್ಲಾಪುರ, ವಿಜಯಪುರ ಯಾವುದೂ ಹತ್ತಿರವಿಲ್ಲ. ದಾರಿಗೇ ಬಹಳ ಹೊತ್ತು ಹೋಗುತ್ತದೆ. ಗಡಿಯ ಈ ಕಡೆಯೂ ಆ ಕಡೆಯೂ ಆಂಬ್ಯುಲನ್ಸಿನ ನಂಬರು ಒಂದೇ, 108. ಸ್ಕ್ಯಾನ್ ಇರುವ ದವಾಖಾನೆ ಯಾವ ರಾಜ್ಯದ್ದಾದರೂ ಸರಿ, ಬೇಗ ಮುಟ್ಟುವುದು ಮುಖ್ಯ.

ಎರಡನೆಯದು, ಬಿದ್ದ ಕೈಯನ್ನು ಮರೆಯಬೇಡಿ. ಡಾಕ್ಟರರನ್ನು ಕೇಳಿ ಅದಕ್ಕೆ ದಿನವೂ ಕೆಲಸ ಕೊಡಿ. ಶೇಂಗಾ ಆರಿಸಲಿ, ಲೋಟ ಹಿಡಿಯಲಿ, ಚೆಲ್ಲಿದರೆ ಚೆಲ್ಲಲಿ. ಸಹಿ ಸೊಟ್ಟಗಾದರೂ ಬರೆಯಲಿ. ಬ್ಯಾಂಕಿನವರು ಒಪ್ಪದಿದ್ದರೆ ಹೆಬ್ಬೆಟ್ಟಿನ ನಿಯಮವಿದೆ ಎಂದು ಹೇಳಿ. ಒಬ್ಬ ಕ್ಲರ್ಕನಿಗೆ ಅಂದು ಹೊಳೆಯದ ಮಾತು ಇಂದು ನಿಮಗೆ ಗೊತ್ತಿರಲಿ.