ಗುಳೆ ಬರುವ ಹಕ್ಕಿ, ಗುಳೆ ಹೋಗುವ ಮಂದಿ

ಜನವರಿಯ ಒಂದು ಮುಂಜಾನೆ ಕೊಪ್ಪಳದಿಂದ ಎರಡು ಬೈಕಿನಲ್ಲಿ ಹೊರಟ ನಾವು ಕುಷ್ಟಗಿ ಹತ್ತಿರದ ನಿಡಶೇಸಿ ಕೆರೆ ದಂಡೆ ಮುಟ್ಟಿದಾಗ ಇನ್ನೂ ಚಳಿ ಬಿಟ್ಟಿರಲಿಲ್ಲ. ಇದ್ದದ್ದು ಒಂದೇ ದುರ್ಬೀನು, ಪಾಳಿ ಮೇಲೆ ನೋಡಿದೆವು. ಹಣೆಗೆ ಬಿಳಿ ನಾಮ ಹಚ್ಚಿಕೊಂಡಂತಿರುವ ನಾಮದಕೋಳಿ, ಇಲ್ಲಿ ಮುಳುಗಿ ಅಲ್ಲೆಲ್ಲೋ ಏಳುವ ಗುಳುಮುಳುಕ, ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುವ ನೀರುಕಾಗೆ. ಕುರಿ ಮೇಯಿಸುತ್ತಿದ್ದ ಅಜ್ಜ ನಮ್ಮನ್ನು ನೋಡಿ ನಕ್ಕರು: “ಕೆರಿ ಒಣಗಿದ್ದಾಗ ಇಲ್ಲಿ ಹಕ್ಕಿನೂ ಇರ್ಲಿಲ್ಲ, ಮಂದಿನೂ ಇರ್ಲಿಲ್ಲ ತಮ್ಮಾ. ಎಲ್ಲಾರೂ ಗುಳೆ ಹೋಗಿದ್ರು.”

ನಮ್ಮದು ಮಳೆ ಕಮ್ಮಿ ಇರುವ ನೆಲ. ಗಂಗಾವತಿಗೆ ತುಂಗಭದ್ರೆ ಇದೆ. ಕುಷ್ಟಗಿ, ಯಲಬುರ್ಗಾ ಸೀಮೆಗೆ ಮಳೆ, ಕೆರೆಯೇ ಆಸರೆ. ಅದಕ್ಕೇ ಹಿಂದಿನವರು ಗುಡಿ ಕಟ್ಟಿದಲ್ಲಿ ನೀರಿಗೂ ಜಾಗ ಮಾಡಿದರು. 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಇಟಗಿ ಗುಡಿಯ ಬಳಿ ಇಂದಿಗೂ ಪುಷ್ಕರಣಿ ಇದೆ. ಆನೆಗೊಂದಿ ಸುತ್ತ ವಿಜಯನಗರ ಕಾಲದ ಕಾಲುವೆಗಳು ಈಗಲೂ ಗದ್ದೆಗೆ ನೀರುಣಿಸುತ್ತವೆ. ಇವು ಯಾವುವೂ ಹಕ್ಕಿಗಾಗಿ ಮಾಡಿದ್ದಲ್ಲ. ಆದರೆ ಮನುಷ್ಯ ನೀರು ನಿಲ್ಲಿಸಿದ ಕಡೆಯೆಲ್ಲ ಹಕ್ಕಿ ಇಳಿಯಿತು.

1931–32ರಲ್ಲಿ ಸಲೀಂ ಅಲಿ ನಿಜಾಮರ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ನಮ್ಮ ಊರುಗಳೂ ಆಗ ಅದೇ ಸಂಸ್ಥಾನದಲ್ಲಿದ್ದವು; ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗರ ಜಹಗೀರು. ದೊರೆಗಳಿಗೆ, ಸಾಹೇಬರಿಗೆ ಬಾತುಕೋಳಿ ಎಂದರೆ ಆಗ ಬಂದೂಕಿನ ಆಟ. ಆ ಆಟಕ್ಕೆ ದೇಶದ ತುಂಬ ಕಡಿವಾಣ ಬಿದ್ದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ. ಅಷ್ಟರಲ್ಲಿ, 1953ರಲ್ಲಿ, ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತು ಹಕ್ಕಿಗಳಿಗೆ ಹೊಸ ಹಿನ್ನೀರು ಸಿಕ್ಕಿತ್ತು.

ಚಳಿಗಾಲದ ದೊಡ್ಡ ಅತಿಥಿ ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತದೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆ ಇವುಗಳಿಗೇ ಹೆಸರುವಾಸಿ. ಹೊಲಕ್ಕಿಳಿದು ಪೈರು ಮೇಯುತ್ತವೆ, ರೈತನಿಗೆ ನಷ್ಟವೇ ಇಲ್ಲ ಎನ್ನಲಾಗದು. ಆದರೂ ಊರವರು ಅವನ್ನು ಕಾಯ್ದುಕೊಂಡಿದ್ದಾರೆ. 2024ರಲ್ಲಿ ಮಾಗಡಿ ಕೆರೆಯೂ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರವೂ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿ ಸೇರಿದವು. ಎರಡೂ ಮನುಷ್ಯರು ಕಟ್ಟಿದ ಕೆರೆಗಳೇ.

ನಿಡಶೇಸಿ ಕೆರೆ ಹೂಳು ತುಂಬಿ ಬಿದ್ದಿತ್ತು. 2019ರ ಹೊತ್ತಿಗೆ ಕೊಪ್ಪಳ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತರು, ಜನ ಕೈಜೋಡಿಸಿದರು, ಹೂಳು ಹೊರಬಿತ್ತು. ಹಿರೇಹಳ್ಳವನ್ನೂ ಹೀಗೇ ಸ್ವಚ್ಛ ಮಾಡಿದರು. ನೀರು ನಿಂತ ಮೇಲೆ ಹಕ್ಕಿಗೆ ಯಾರೂ ಆಮಂತ್ರಣ ಕೊಡಬೇಕಾಗಲಿಲ್ಲ.

ಒಂದು ಮಾತು ಮಾತ್ರ ಹೇಳಲೇಬೇಕು. ಹೂಳೆತ್ತುವಾಗ ಕೆರೆಯನ್ನು ಸುತ್ತಲೂ ಬಾವಿಯಂತೆ ನೆಟ್ಟಗೆ ಕಡಿದರೆ ನೀರು ನಿಲ್ಲುತ್ತದೆ, ಆದರೆ ಕಾಲೂರಿ ನಿಂತು ಮೇಯುವ ಕೊಕ್ಕರೆ, ಬೆಳ್ಳಕ್ಕಿಗೆ ಜಾಗ ಉಳಿಯುವುದಿಲ್ಲ. ನೀರಿಗೆ ಇಳಿದ ದನ, ಕುರಿಗೂ ಅಪಾಯ. ಒಂದು ಕಡೆಯಾದರೂ ಇಳಿಜಾರು ದಂಡೆ ಬಿಡಬೇಕು. ನಿಮ್ಮೂರ ಗ್ರಾಮಸಭೆಯಲ್ಲಿ ಕೆರೆ ಮಾತು ಬಂದಾಗ ಇದನ್ನು ಎತ್ತಿ.

ಹೊರಡುವಾಗ ಅಜ್ಜನನ್ನು ಕೇಳಿದೆವು, ಗುಳೆ ಹೋದವರು ತಿರುಗಿ ಬಂದರೇ ಎಂದು. “ಹಕ್ಕಿ ಬಂದಾವು,” ಎಂದರು. “ನನ್ನ ಮಗ ಉಗಾದಿಗೆ ಬರ್ತೀನಿ ಅಂದಾನ.”