ಜಿನಾಲಯವೂ ಮಗ್ಗವೂ: ವೈಜಯಂತಿ ಸೀಮೆಯ ಒಂದು ಮರೆತ ಅಧ್ಯಾಯ

ಕದಂಬರ ರಾಜಧಾನಿಯಾಗಿದ್ದ ಬನವಾಸಿಗೆ ವೈಜಯಂತಿಯೆಂಬ ಹೆಸರೂ ಉಂಟು. ವೈಜಯಂತಿಯೆಂದರೆ ಪತಾಕೆ. ಬಟ್ಟೆಯ ಹೆಸರನ್ನೇ ಹೊತ್ತ ಈ ಪಟ್ಟಣದ ಅರಸರು ಬಟ್ಟೆಯನ್ನು ತೊರೆದ ಮುನಿಗಳಿಗೂ, ಬಿಳಿಯ ಬಟ್ಟೆಯನ್ನುಟ್ಟ ಮುನಿಗಳಿಗೂ ಸಮಾನ ಗೌರವದಿಂದ ದತ್ತಿಗಳನ್ನಿತ್ತರೆಂಬುದು ಜೈನ ಇತಿಹಾಸದ ಒಂದು ಸ್ವಾರಸ್ಯವಾದ ಸಂಗತಿ. ಈ ದತ್ತಿಗಳ ಪ್ರಸ್ತಾಪ ಬಂದಾಗಲೆಲ್ಲ ಕೊಟ್ಟ ಅರಸನನ್ನೂ ಕೊಂಡ ಆಚಾರ್ಯನನ್ನೂ ಸ್ಮರಿಸುವುದು ವಾಡಿಕೆಯಾಗಿದೆ. ಆ ಬಟ್ಟೆಯನ್ನು ನೆಯ್ದವನನ್ನು ಸ್ಮರಿಸುವ ವಾಡಿಕೆ ಮಾತ್ರ ಬೆಳೆದುಬರಲಿಲ್ಲ.

ಬನವಾಸಿಗೆ ಸಮೀಪದ ಗುಡ್ನಾಪುರದ ಕೆರೆಯ ದಡದಲ್ಲಿ ದೊರೆತ ಸ್ತಂಭಶಾಸನವನ್ನು ೧೯೭೦ರ ದಶಕದ ಆರಂಭದಲ್ಲಿ ಡಾ. ಬಿ. ಆರ್. ಗೋಪಾಲ್ ಅವರು ವಿದ್ವತ್ಪ್ರಪಂಚದ ಬೆಳಕಿಗೆ ತಂದರು. ಸಂಸ್ಕೃತದಲ್ಲಿರುವ ಈ ಶಾಸನವು ಕದಂಬ ರವಿವರ್ಮನು ನಿರ್ಮಿಸಿದ ಕಾಮಜಿನಾಲಯವನ್ನೂ, ಅರಮನೆಯನ್ನೂ, ನೃತ್ಯಶಾಲೆಗಳನ್ನೂ, ವಸಂತೋತ್ಸವವನ್ನೂ ಹೇಳುತ್ತದೆ. ಜೈನ ಪರಂಪರೆಯಲ್ಲಿ ಬಾಹುಬಲಿಯೇ ಮೊದಲ ಕಾಮದೇವನಾದ್ದರಿಂದ ಕಾಮಜಿನಾಲಯವೆಂಬ ಹೆಸರು ಜೈನರ ಕಿವಿಗೆ ವಿಚಿತ್ರವಾಗಿ ಕೇಳಿಸದು. ಗಮನಿಸಬೇಕಾದುದು ಬೇರೆಯೇ ಇದೆ. ನೃತ್ಯಶಾಲೆಯೆಂದ ಮೇಲೆ ಉಡುಗೆಯುಂಟು, ಉತ್ಸವವೆಂದ ಮೇಲೆ ಧ್ವಜಪಟವುಂಟು, ವಿತಾನವುಂಟು. ಎಲ್ಲವನ್ನೂ ತೊರೆದ ಜಿನನ ಆಲಯದ ಸುತ್ತ ಇಷ್ಟೆಲ್ಲ ನೂಲು ಹರಡಿಕೊಂಡಿತ್ತು.

ರವಿವರ್ಮನ ತಂದೆ ಮೃಗೇಶವರ್ಮನು ೫ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದವನು. ಅವನ ಕಾಲದ ದೇವಗಿರಿ ತಾಮ್ರಪಟವೊಂದರಲ್ಲಿ ಜಿನಾಲಯದ ಗುಡಿಸುವ ಸಾರಿಸುವ ಕೆಲಸಕ್ಕೆ, ಅರ್ಚನೆಗೆ, ಜೀರ್ಣೋದ್ಧಾರಕ್ಕೆ ಭೂಮಿಯನ್ನು ಬಿಟ್ಟ ವಿವರವಿದೆ. ಆ ಪಟ್ಟಿಯಲ್ಲಿ ವಸ್ತ್ರಕ್ಕೆ ಸ್ಥಾನವಿಲ್ಲ. ಇನ್ನೊಂದು ತಾಮ್ರಪಟ ಇದಕ್ಕಿಂತ ಕುತೂಹಲಕರವಾದುದು. ಕಾಲವಂಗವೆಂಬ ಗ್ರಾಮವನ್ನು ಮೂರು ಭಾಗ ಮಾಡಿ, ಒಂದನ್ನು ಅರ್ಹತ್ ಭಗವಂತನಿಗೂ, ಒಂದನ್ನು ಶ್ವೇತಪಟ ಮಹಾಶ್ರಮಣಸಂಘಕ್ಕೂ, ಮತ್ತೊಂದನ್ನು ನಿರ್ಗ್ರಂಥ ಮಹಾಶ್ರಮಣಸಂಘಕ್ಕೂ ಕೊಡಲಾಯಿತು. ಶ್ವೇತಪಟವೆಂದರೆ ಬಿಳಿಯ ಬಟ್ಟೆ, ನಿರ್ಗ್ರಂಥವೆಂದರೆ ಗಂಟಿಲ್ಲದವರು. ಸಂಘಗಳ ಹೆಸರೇ ಬಟ್ಟೆಯಿಂದ, ಬಟ್ಟೆಯ ತ್ಯಾಗದಿಂದ ಹುಟ್ಟಿತು.

ಹಲಸಿಯ ತಾಮ್ರಪಟಗಳು ಯಾಪನೀಯ ಸಂಘವನ್ನೂ ಹೆಸರಿಸುತ್ತವೆ. ಈ ಸಂಘದ ಮುನಿಗಳು ದಿಗಂಬರರಾಗಿದ್ದೂ ಸ್ತ್ರೀಗೆ ಆ ಭವದಲ್ಲಿಯೇ ಮೋಕ್ಷವುಂಟೆಂದು ನಂಬಿದ್ದರು. ೯ನೆಯ ಶತಮಾನದಲ್ಲಿ, ಅಮೋಘವರ್ಷನ ಕಾಲದಲ್ಲಿ, ಯಾಪನೀಯ ವಿದ್ವಾಂಸ ಶಾಕಟಾಯನನು ಇದನ್ನೇ ಪ್ರತಿಪಾದಿಸಿ ಗ್ರಂಥ ರಚಿಸಿದನು. ದಿಗಂಬರ ಆಮ್ನಾಯವು ಈ ವಾದವನ್ನು ಒಪ್ಪಲಿಲ್ಲ. ವಾದದ ತಿರುಳಾದರೋ ಬಟ್ಟೆಯೇ: ಅದು ಪರಿಗ್ರಹವೋ, ಅದರಲ್ಲಿ ಮೋಹವಿಟ್ಟರೆ ಮಾತ್ರ ಪರಿಗ್ರಹವೋ? ಮಗ್ಗದಿಂದ ಇಳಿದುಬಂದ ನಾಲ್ಕು ಮೊಳ ವಸ್ತ್ರ ಇಂತಹ ಸೂಕ್ಷ್ಮ ತತ್ತ್ವಚರ್ಚೆಗೆ ವಸ್ತುವಾಯಿತು.

ಹಾಗಾದರೆ ನೇಕಾರನೆಲ್ಲಿ? ಅವನನ್ನು ಕಾಣಲು ಕದಂಬರ ನಾಡಿನ ಹೊರಗೆ ಒಮ್ಮೆ ಕಣ್ಣು ಹಾಯಿಸಬೇಕಾಗುತ್ತದೆ. ನಹಪಾನನ ಅಳಿಯ ಉಷವದಾತನು ನಾಸಿಕದ ಗುಹೆಯಲ್ಲಿ ಬರೆಯಿಸಿದ ಶಾಸನದಲ್ಲಿ ಗೋವರ್ಧನದ ನೇಕಾರರ ಶ್ರೇಣಿಯಲ್ಲಿ ೨೦೦೦ ಕಾರ್ಷಾಪಣಗಳನ್ನು ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿಯಂತೆ ಇಟ್ಟ ಸಂಗತಿಯಿದೆ. ವರ್ಷಕ್ಕೆ ೨೪೦ ಆಯಿತು. ಇದರಿಂದ ಅಲ್ಲಿ ಮಳೆಗಾಲ ಕಳೆಯುವ ೨೦ ಮಂದಿ ಬೌದ್ಧ ಭಿಕ್ಷುಗಳಿಗೆ ತಲಾ ೧೨ರಂತೆ ಚೀವರದ ಹಣ. ನೇಕಾರರು ಅಂದು ಇತರರ ಹಣವನ್ನು ನಂಬಿಕೆಯಿಂದ ಕಾಯುವಷ್ಟು ಸ್ಥಿತಿವಂತರಾಗಿದ್ದರು. ಕದಂಬರ ಸಮಕಾಲೀನರೆನ್ನಬಹುದಾದ ಮಂದಸೋರಿನ ಪಟ್ಟೆ ನೇಕಾರರಂತೂ ೪೩೬ರ ಸುಮಾರಿಗೆ ತಾವೇ ಸೂರ್ಯದೇಗುಲವನ್ನು ಕಟ್ಟಿಸಿ, ೪೭೩ರ ಸುಮಾರಿಗೆ ಜೀರ್ಣೋದ್ಧಾರ ಮಾಡಿಸಿ, ಶಾಸನದಲ್ಲಿ ತಮ್ಮ ನೇಯ್ಗೆಯನ್ನು ತಾವೇ ಹೊಗಳಿಕೊಂಡರು. ಅವರ ಆ ಹೆಮ್ಮೆ ಸಕಾರಣವಾದುದೇ. ಗುಡ್ನಾಪುರದ ಸ್ತಂಭದಲ್ಲಿ ಅಂತಹ ದನಿ ಕೇಳಿಬರುವುದಿಲ್ಲ.

ಕನ್ನಡ ನಾಡಿನ ಶಾಸನಗಳಲ್ಲಿ ನೇಕಾರನು ಎದುರಾಗುವುದು ಹೆಚ್ಚಾಗಿ ತೆರಿಗೆಯ ಪಟ್ಟಿಯಲ್ಲಿ. ಮಗ್ಗದೆರೆಯೆಂಬ ಒಂದು ಪದ, ಅಷ್ಟೆ. ಅರಳೆಯನ್ನು ಹಿಂಜಿ, ಹಂಜಿ ಮಾಡಿ, ನೂಲು ತೆಗೆದು, ಹಾಸಿಗೆ ಗಂಜಿ ಕೊಟ್ಟು, ಲಾಳಿಯಿಂದ ಹೊಕ್ಕು ತುಂಬುವ ದಿನಗಟ್ಟಲೆಯ ಶ್ರಮವು ಆ ಒಂದು ಪದದಲ್ಲಿ ಅಡಗಿದೆ. ಆದಿನಾಥನು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಕಲಿಸಿದ ಬಳಿಕವೇ ದೀಕ್ಷೆ ವಹಿಸಿದನೆಂದು ಪುರಾಣಗಳು ಹೇಳುತ್ತವೆ. ಪಂಚಕಲ್ಯಾಣದಲ್ಲಿ ಬಿಂಬಕ್ಕೆ ತೊಡಿಸಿದ ವಸ್ತ್ರಾಭರಣಗಳನ್ನು ದೀಕ್ಷಾಕಲ್ಯಾಣದಂದು ತೆಗೆಯುವಾಗ ಈ ಕ್ರಮವನ್ನು ನೆನೆಯುವುದು ಉಚಿತ. ತೊರೆಯಲೂ ಮೊದಲೊಂದು ವಸ್ತ್ರವಿರಬೇಕಲ್ಲವೇ!

ಮಲೆನಾಡಿನ ಮಳೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಅದು ಬೆಳೆಯುವುದು ಮೂಡಣದ ಎರೆಭೂಮಿಯಲ್ಲಿ. ೧೯ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಶಿರಸಿಯ ದಾರಿಯಾಗಿ ಘಟ್ಟವಿಳಿದು ಕುಮಟಾ ಬಂದರನ್ನು ಸೇರುತ್ತಿತ್ತು. ೧೮೬೧ರಿಂದ ೧೮೬೫ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅದರ ಬೆಲೆ ಬಹಳವಾಗಿ ಏರಿತು. ಹೀಗೆ ಹತ್ತಿ ಕಡಲಾಚೆಗೆ ಹೋಯಿತು, ಗಿರಣಿಯ ಬಟ್ಟೆ ಅದೇ ಕಡಲಿನಿಂದ ಬಂದಿತು, ಕೈಮಗ್ಗ ಸೊರಗಿತು. ಬಟ್ಟೆ ಹಳತಾದರೂ ಅದನ್ನು ಬಿಸುಡದ ಕೈಗಳು ಈ ಸೀಮೆಯಲ್ಲಿ ಈಗಲೂ ಇವೆ. ಯಲ್ಲಾಪುರ, ಹಳಿಯಾಳಗಳ ಕಾಡಂಚಿನ ಸಿದ್ದಿ ಮಹಿಳೆಯರು ಹರಕು ಸೀರೆ, ಅಂಗಿಗಳ ತುಂಡುಗಳನ್ನು ಜೋಡಿಸಿ ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತ ಕವುದಿಗಳನ್ನು ಮಾಡುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ‘ಫೂಲ’ವನ್ನಿಡದೆ ಕವುದಿ ಪೂರ್ಣವಾಯಿತೆಂದು ಅವರು ಒಪ್ಪುವುದಿಲ್ಲ.

ದಿಗಂಬರ ಸಂಪ್ರದಾಯದಲ್ಲಿಯೂ ವಸ್ತ್ರಕ್ಕೆ ನಿಯತವಾದ ಸ್ಥಾನಗಳಿವೆ. ಆರ್ಯಿಕೆಗೆ ಒಂದು ಬಿಳಿಯ ಸೀರೆ, ಕ್ಷುಲ್ಲಕನಿಗೆ ಕೌಪೀನ ಮತ್ತು ಖಂಡವಸ್ತ್ರ, ಐಲಕನಿಗೆ ಕೌಪೀನ ಮಾತ್ರ. ಎಲ್ಲಕ್ಕೂ ಮಿಗಿಲಾಗಿ ಶಾಸ್ತ್ರಕ್ಕೆ ವೇಷ್ಟನ. ಮುನಿಯು ಉಡದ ಬಟ್ಟೆಯನ್ನು ಜಿನವಾಣಿಯು ಉಡುತ್ತದೆ. ಈ ವಿಷಯದಲ್ಲಿ ಬನವಾಸಿ ಸೀಮೆಗೆ ವಿಶೇಷವಾದ ಹಕ್ಕಿದೆ. ಧರಸೇನಾಚಾರ್ಯರಿಂದ ಆಗಮವನ್ನು ಕಲಿತ ಪುಷ್ಪದಂತರು ವನವಾಸ ದೇಶಕ್ಕೆ ಬಂದು ಷಟ್ಖಂಡಾಗಮದ ಮೊದಲ ಸೂತ್ರಗಳನ್ನು ರಚಿಸಿ, ಜಿನಪಾಲಿತನ ಮೂಲಕ ಭೂತಬಲಿಗಳ ಬಳಿಗೆ ಕಳುಹಿದರೆಂದು ವೀರಸೇನರ ಧವಲಾ ಟೀಕೆ ತಿಳಿಸುತ್ತದೆ. ಆ ಆಗಮವು ಗ್ರಂಥಸ್ಥವಾದ ನೆನಪಿಗೆ ಜ್ಯೇಷ್ಠ ಶುಕ್ಲ ಪಂಚಮಿಯನ್ನು ಶ್ರುತಪಂಚಮಿಯಾಗಿ ಆಚರಿಸುತ್ತಾರೆ. ಮೂಡಬಿದಿರೆಯಲ್ಲಿ ಉಳಿದುಬಂದ ಧವಲದ ತಾಳೆಯೋಲೆ ಪ್ರತಿಯನ್ನು ೧೨ನೆಯ ಶತಮಾನದಲ್ಲಿ ದೇಮಿಯಕ್ಕನೆಂಬ ಶ್ರಾವಕಿಯು ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು.

ದೇಮಿಯಕ್ಕನ ಹೆಸರು ಓಲೆಯಲ್ಲಿ ನಿಂತಿದೆ. ಆ ಓಲೆಗಳನ್ನು ಪೋಣಿಸಿದ ದಾರವೂ, ಧೂಳಿನಿಂದ ಕಾಯ್ದ ವೇಷ್ಟನವೂ ಶತಮಾನಗಳಲ್ಲಿ ಎಷ್ಟು ಸಲ ಜೀರ್ಣವಾಗಿ ಎಷ್ಟು ಸಲ ಹೊಸದಾದುವೋ. ಶ್ರುತಪಂಚಮಿಯಂದು ಶಾಸ್ತ್ರಭಂಡಾರದ ಬಾಗಿಲು ತೆರೆದು, ಗ್ರಂಥಗಳಿಗೆ ಗಾಳಿಯಾಡಿಸಿ, ಹಳೆಯ ವೇಷ್ಟನವನ್ನು ಬಿಚ್ಚಿ ಹೊಸತನ್ನು ಸುತ್ತುವ ಪದ್ಧತಿ ಬಸದಿಗಳಲ್ಲಿ ಇಂದಿಗೂ ನಡೆದಿದೆ.