ಮೀಲ್‌ವರ್ಮ್ ಸಾಕಣೆ

ಮೀಲ್‌ವರ್ಮ್ ಅಥವಾ ಹಿಟ್ಟಿನ ಹುಳು ಎಂಬುದು ಟೆನೆಬ್ರಿಯೊ ಮೊಲಿಟರ್ ಎಂಬ ಜೀರುಂಡೆಯ ಮರಿಹುಳು. ಪಂಜರದ ಪಕ್ಷಿಗಳು, ಅಲಂಕಾರಿಕ ಮೀನುಗಳು ಹಾಗೂ ಸಾಕಿದ ಸರೀಸೃಪಗಳಿಗೆ ಜೀವಂತ ಆಹಾರವಾಗಿ ಇದನ್ನು ಅನೇಕ ದೇಶಗಳಲ್ಲಿ ಮನೆಯಲ್ಲಿಯೇ ಬೆಳೆಸಲಾಗುತ್ತದೆ. ಬೇಕಾಗುವ ಸಲಕರಣೆ ಅಲ್ಪ. ಆದರೆ ಈ ಕೀಟವು ತನ್ನದೇ ಮೊಟ್ಟೆ ಮತ್ತು ಕೋಶಗಳನ್ನು ತಿನ್ನುವುದರಿಂದ, ಅದರ ಬೆಳವಣಿಗೆಯ ಹಂತಗಳನ್ನು ಬೇರೆಬೇರೆಯಾಗಿ ಇಡುವುದೇ ಸಾಕಣೆಯ ಮೂಲ ನಿಯಮ.

ಹೆಸರು ಮತ್ತು ವರ್ಗೀಕರಣ

ಈ ಪ್ರಭೇದವನ್ನು 1758ರಲ್ಲಿ ಕಾರ್ಲ್ ಲಿನೇಯಸ್ ಹೆಸರಿಸಿದನು. ಲ್ಯಾಟಿನ್ ಭಾಷೆಯಲ್ಲಿ 'ಟೆನೆಬ್ರಿಯೊ' ಎಂದರೆ ಕತ್ತಲೆಯನ್ನು ಆಶ್ರಯಿಸುವವನು, 'ಮೊಲಿಟರ್' ಎಂದರೆ ಹಿಟ್ಟು ಬೀಸುವವನು. ಹೆಸರಿನಲ್ಲಿ 'ಹುಳು' ಎಂದಿದ್ದರೂ ಇದು ಎರೆಹುಳುವಿನ ಬಳಗಕ್ಕೆ ಸೇರಿದ್ದಲ್ಲ. ಆರು ಕಾಲುಗಳುಳ್ಳ ಕೀಟ. ನಮ್ಮ ಮನೆಗಳಲ್ಲಿ ರವೆ, ಮೈದಾಹಿಟ್ಟುಗಳನ್ನು ಜರಡಿ ಹಿಡಿಯುವಾಗ ಕಾಣುವ ಪುಟ್ಟ ಕೆಂಗಂದು ಕೀಟವು (ಟ್ರೈಬೋಲಿಯಂ) ಇದೇ ಕುಟುಂಬದ ಬೇರೊಂದು ಜಾತಿ.

ಜೀವನಚಕ್ರ

ಹೆಣ್ಣು ಜೀರುಂಡೆಯು ತನ್ನ ಜೀವಿತಾವಧಿಯಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಅಂಟಾಗಿರುವ ಮೊಟ್ಟೆಗಳ ಮೇಲೆ ಹಿಟ್ಟು ಮೆತ್ತಿಕೊಳ್ಳುವುದರಿಂದ ಅವು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಬೆಚ್ಚಗಿನ ವಾತಾವರಣದಲ್ಲಿ ಒಂದೆರಡು ವಾರಗಳಲ್ಲಿ ಮರಿಗಳು ಹೊರಬರುತ್ತವೆ. ಮರಿಹುಳು ಹಲವು ಬಾರಿ ಪೊರೆ ಕಳಚುತ್ತಾ ಎರಡು-ಮೂರು ತಿಂಗಳುಗಳಲ್ಲಿ ಸುಮಾರು 25 ಮಿ.ಮೀ. ಉದ್ದಕ್ಕೆ ಬೆಳೆಯುತ್ತದೆ. ಅನಂತರದ ಕೋಶಾವಸ್ಥೆಯಲ್ಲಿ ಅದು ಆಹಾರ ಸೇವಿಸುವುದಿಲ್ಲ, ನಡೆಯುವುದೂ ಇಲ್ಲ. ಕೋಶದಿಂದ ಬರುವ ಜೀರುಂಡೆ ಮೊದಲು ಬಿಳಿಯಾಗಿದ್ದು, ಕ್ರಮೇಣ ಕಂದು, ಕೊನೆಗೆ ಕಪ್ಪು ಬಣ್ಣ ತಾಳುತ್ತದೆ.

ಸಾಕುವ ವಿಧಾನ

ನುಣುಪಾದ ಒಳಗೋಡೆಯ ಮೂರು ಪ್ಲಾಸ್ಟಿಕ್ ತಟ್ಟೆಗಳು ಅಥವಾ ಡಬ್ಬಿಗಳು ಸಾಕು. ಒಂದು ಜೀರುಂಡೆಗಳಿಗೆ, ಇನ್ನೊಂದು ಮರಿಹುಳುಗಳಿಗೆ, ಮತ್ತೊಂದು ಕೋಶಗಳಿಗೆ. ಗಾಳಿಯಾಡಲು ಮುಚ್ಚಳಕ್ಕೆ ಸಣ್ಣ ಕಣ್ಣಿನ ಜಾಲರಿ ಹಾಕಬೇಕು. ಜೀರುಂಡೆಗಳಿಗೂ ಮರಿಹುಳುಗಳಿಗೂ ನಾಲ್ಕೈದು ಸೆಂ.ಮೀ. ದಪ್ಪಕ್ಕೆ ಗೋಧಿ ಬೂಸಾ ಹರಡಬೇಕು. ಅದೇ ಹಾಸಿಗೆಯೂ ಆಹಾರವೂ ಆಗುತ್ತದೆ. ಹೊಸ ಬೂಸಾವನ್ನು ಕೆಲವು ದಿನ ಫ್ರೀಜರಿನಲ್ಲಿಟ್ಟು ತೆಗೆದರೆ ಅದರಲ್ಲಿರಬಹುದಾದ ಇತರ ಕೀಟಗಳು ಸಾಯುತ್ತವೆ. ನೀರಿನ ಬಟ್ಟಲಿಡುವ ಬದಲು ಕ್ಯಾರೆಟ್ ಅಥವಾ ಆಲೂಗಡ್ಡೆಯ ಹೋಳುಗಳನ್ನು ಇಡಬೇಕು. 25ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇವಕ್ಕೆ ಹಿತಕರ.

ಎರಡು-ಮೂರು ವಾರಗಳಿಗೊಮ್ಮೆ ಜೀರುಂಡೆಗಳನ್ನು ಹೊಸ ಬೂಸಾಕ್ಕೆ ವರ್ಗಾಯಿಸಿ, ಮೊಟ್ಟೆಗಳಿರುವ ಹಳೆಯ ಬೂಸಾವನ್ನು ಹಾಗೆಯೇ ಬಿಡಬೇಕು. ಮರಿಹುಳುಗಳ ನಡುವೆ ಕಾಣುವ ಕೋಶಗಳನ್ನು ಎರಡು ಮೂರು ದಿನಗಳಿಗೊಮ್ಮೆ ಚಮಚದಿಂದ ಆರಿಸಿ ಬೇರೆ ಇಡದಿದ್ದರೆ ಅವು ಉಳಿದವಕ್ಕೆ ಆಹಾರವಾಗುತ್ತವೆ. ಹುಳುಗಳು ದೊಡ್ಡವಾದ ಮೇಲೆ ಜರಡಿ ಹಿಡಿದು ಹಿಕ್ಕೆಯನ್ನು ಬೇರ್ಪಡಿಸಬಹುದು. ಅದು ಗಿಡಗಳಿಗೆ ಉತ್ತಮ ಗೊಬ್ಬರ. ಬೆಳೆದ ಹುಳುಗಳನ್ನು ಫ್ರಿಜ್ಜಿನಲ್ಲಿಟ್ಟರೆ ಬೆಳವಣಿಗೆ ಬಹುಮಟ್ಟಿಗೆ ಸ್ಥಗಿತಗೊಂಡು ಕೆಲವು ವಾರ ಉಳಿಯುತ್ತವೆ.

ಎದುರಾಗುವ ತೊಂದರೆಗಳು

ಹೆಚ್ಚಿನ ಸಾಕಣೆಗಳು ಕೆಡುವುದು ತೇವದಿಂದ. ತರಕಾರಿ ಕೊಳೆತರೆ ಬೂಸಾಕ್ಕೆ ಬೂಷ್ಟು ಹಿಡಿದು, ನುಸಿಗಳು ಹುಟ್ಟಿಕೊಂಡು ಇಡೀ ತಟ್ಟೆ ಹಾಳಾಗಬಹುದು. ಆದಕಾರಣ ಹೋಳುಗಳನ್ನು ಕೊಳೆಯುವ ಮೊದಲೇ ಬದಲಿಸಬೇಕು. ಮೀಲ್‌ವರ್ಮ್ ದಾಸ್ತಾನು ಧಾನ್ಯದ ಪೀಡೆಯೂ ಹೌದಾದುದರಿಂದ, ಡಬ್ಬಿಗಳನ್ನು ಅಡುಗೆಮನೆ ಮತ್ತು ಉಗ್ರಾಣದಿಂದ ದೂರವಿಡುವುದು ಅವಶ್ಯ. ಹಿಕ್ಕೆಯ ಧೂಳು ಕೆಲವರಲ್ಲಿ ಅಲರ್ಜಿ ಉಂಟುಮಾಡುತ್ತದೆ.

ಆಹಾರವಾಗಿ

ಒಣಗಿಸಿದ ಹುಳುವಿನ ತೂಕದ ಸುಮಾರು ಅರ್ಧ ಭಾಗ ಪ್ರೋಟೀನ್, ಕೊಬ್ಬೂ ಅಧಿಕ. ಆದರೆ ರಂಜಕಕ್ಕೆ ಹೋಲಿಸಿದರೆ ಕ್ಯಾಲ್ಸಿಯಂ ತೀರಾ ಕಡಿಮೆ. ಇದನ್ನೇ ಏಕೈಕ ಆಹಾರವಾಗಿ ಕೊಟ್ಟರೆ ಪಕ್ಷಿ, ಸರೀಸೃಪಗಳ ಮೂಳೆಗಳು ದುರ್ಬಲಗೊಳ್ಳಬಹುದು. ಹೀಗಾಗಿ ಕ್ಯಾಲ್ಸಿಯಂ ಪುಡಿ ಸವರಿ, ಇತರ ಆಹಾರದೊಂದಿಗೆ ಮಿತವಾಗಿ ಕೊಡುತ್ತಾರೆ. 2021ರಲ್ಲಿ ಐರೋಪ್ಯ ಒಕ್ಕೂಟವು ಒಣಗಿಸಿದ ಮೀಲ್‌ವರ್ಮನ್ನು ಮನುಷ್ಯರ ಆಹಾರವಾಗಿ ಮಾರಲು ಅನುಮತಿ ನೀಡಿತು. ಸಿಗಡಿ ಮೊದಲಾದ ಚಿಪ್ಪುಜೀವಿಗಳ ಅಲರ್ಜಿ ಇರುವವರಿಗೆ ಇದೂ ಒಗ್ಗದಿರಬಹುದು.